ಕೆಂಪದೇವಮ್ಮ ತಂದ ಸಾಕ್ಷಿ

ಊರಿನಲ್ಲಿ ಎಲ್ಲರಿಗಿಂತ ಹಿರಿಯರಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಲು ತಾಲ್ಲೂಕಿನಿಂದ ಸಾಹೇಬರೊಬ್ಬರು ಬಂದರು. ಊರವರು ಕೆಂಪದೇವಮ್ಮನನ್ನು ಮುಂದೆ ತಂದು ಕೂರಿಸಿದರು. ಮುದುಕಿಗೂ ಆಸೆಯಿತ್ತು. ಅರ್ಧ ಊರಿನ ಬಾಣಂತನ ಮಾಡಿದ ಅವಳ ಕೊರಳಿಗೆ ಯಾರೂ ಒಂದು ಹಾರ ಹಾಕಿದ್ದಿಲ್ಲ.

ಸಾಹೇಬರು ಕನ್ನಡಕ ಏರಿಸಿ, "ಜನನ ಪತ್ರ ಎಲ್ಲಿ?" ಎಂದರು.

"ನಾನು ಹುಟ್ಟಿದಾಗ ಇಲ್ಲಿ ಬರೆಯೋರು ಯಾರಿದ್ರು ಸ್ವಾಮಿ?"

"ಹಾಗಾದ್ರೆ ನೀನು ಹುಟ್ಟಿದ್ದನ್ನ ಕಣ್ಣಾರೆ ನೋಡಿದೋರನ್ನ ಕರ್ಕೊಂಡು ಬಾ. ಇಲ್ಲದಿದ್ರೆ ಶಾಲು ವಾಪಸ್ ತಗೊಂಡು ಹೋಗ್ತೀನಿ."

ಕೆಂಪದೇವಮ್ಮ ವಾದಕ್ಕೆ ನಿಲ್ಲಲಿಲ್ಲ. ಕೋಲೂರಿಕೊಂಡು ಎದ್ದವಳು ನಿಧಾನವಾಗಿ ಇಡೀ ಊರು ಸುತ್ತಿದಳು. ಇತ್ತ ಬಿಸಿಲಲ್ಲಿ ಕಾದು ಕಾದು ಸಾಹೇಬರ ಅಂಗಿ ಬೆನ್ನಿಗೆ ಅಂಟಿತು. ಕೊನೆಗೆ ಅವಳು ಒಬ್ಬಳೇ ಬಂದಳು.

"ಎಲ್ಲಿ ಸಾಕ್ಷಿ?"

"ಒಬ್ಬರೂ ಸಿಗಲಿಲ್ಲ ಸ್ವಾಮಿ. ಸಿಕ್ಕಿದ್ರೆ ಅವರು ನನಗಿಂತ ಹಿರಿಯರಾಗಿರ್ತಿದ್ರು. ಆಗ ನೀವು ಶಾಲು ಅವರಿಗೇ ಹೊದಿಸಬೇಕಾಗ್ತಿತ್ತು."

ಊರವರು ಮುಸಿಮುಸಿ ನಕ್ಕರು. ಸಾಹೇಬರು ಪೆನ್ನು ಹಿಡಿದು ಸನ್ಮಾನದ ನಮೂನೆಯ ಹಾಳೆ ಮುಂದಿಟ್ಟುಕೊಂಡರು. ಆಮೇಲೆ ತಾವೂ ನಕ್ಕು ಶಾಲಿನ ಮಡಿಕೆ ಬಿಚ್ಚಿದರು.

"ಅಜ್ಜೀ, ಸಾಕ್ಷಿ ಅನ್ನೋ ಜಾಗದಲ್ಲಿ ಏನಂತ ಬರೀಲಿ?"

"ಯಾರೂ ಉಳಿದಿಲ್ಲ ಅಂತ ಬರ್ಕೊಳ್ಳಿ," ಎಂದು ಕೆಂಪದೇವಮ್ಮ ಹಾರಕ್ಕೆ ಕೊರಳು ಬಗ್ಗಿಸಿದಳು.