ಮಲ್ಲಾಜಿ ಮತ್ತು ಲೆಕ್ಕ ಬಾರದ ರಾಕ್ಷಸ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಗೆ ಅವರಜ್ಜಿ ಹೇಳ್ತಿದ್ದ ಕಾಲದಲ್ಲಿ, ಹೊಳೆ ದಂಡೇಲಿ ತೊರೆಯೂರು ಅಂತ ಒಂದು ಊರಿತ್ತಂತೆ. ಕಾಲು ಒಳಗೆ ಎಳ್ಕೊ ಪುಟ್ಟಿ, ಹೊದಿಕೆ ಸರಿ ಮಾಡ್ತೀನಿ, ನೀನು ಹೂಂಗುಟ್ಟುತಾ ಇರು. ಆ ಊರಲ್ಲಿ ಗಾಣದ ತಿಪ್ಪಯ್ಯ ಅಂತ ಒಬ್ಬನಿದ್ದನಂತೆ, ಅವನಿಗೆ ಮಲ್ಲಾಜಿ ಅಂತ ಒಬ್ಬಳೇ ಮಗಳು, ಹೈಸ್ಕೂಲಿಗೆ ಹೋಗ್ತಿದ್ಲಂತೆ. ರಾಜರ ಕಾಲದಲ್ಲಿ ಹೈಸ್ಕೂಲು ಎಲ್ಲಿತ್ತಜ್ಜಿ ಅಂತ ಕೇಳ್ಬೇಡ, ಇತ್ತಂತೆ. ಮೇಷ್ಟ್ರು ರುಮಾಲು ಸುತ್ಕೊಂಡು ಬರ್ತಿದ್ರಂತೆ, ಗಂಟೆ ಬದಲು ಕಹಳೆ ಊದ್ತಿದ್ರಂತೆ, ಅಷ್ಟೇ ವ್ಯತ್ಯಾಸ.

ಈ ಮಲ್ಲಾಜಿಗೆ ಒಂದೇ ಆಸೆಯಂತೆ, ಸೇತುವೆ ಕಟ್ಟೋದು ಕಲೀಬೇಕು ಅಂತ. ಕಲ್ಲಿಗೆ ಕಲ್ಲು ಆತು ನಿಂತು ಕಮಾನು ಹೇಗೆ ಬೀಳದೆ ಇರುತ್ತೆ ಅಂತ ನೋಡ್ತಾ ನಿಂತ್ರೆ ಅವಳಿಗೆ ಊಟದ ಹೊತ್ತೂ ಮರ್ತು ಹೋಗ್ತಿತ್ತಂತೆ. ಆದ್ರೆ ರಾಜ ಒಂದು ಕಟ್ಟಳೆ ಮಾಡಿದ್ದ, ಹೈಸ್ಕೂಲಿನ ದೊಡ್ಡ ಪರೀಕ್ಷೇಲಿ ಲೆಕ್ಕದಲ್ಲಿ ಯಾರು ಮೊದಲು ಬರ್ತಾರೋ ಅವರಿಗೇ ಸೇತುವೆ ವಿದ್ಯೆ ಅಂತ. ಮಲ್ಲಾಜಿಗೋ ಲೆಕ್ಕ ಅಂದ್ರೆ ಕಬ್ಬಿಣದ ಕಡಲೆ. ಅರ್ಧ ವರ್ಷದ ಪರೀಕ್ಷೇಲಿ ಮಕಾಡೆ ಬಿದ್ಲಂತೆ. ಅವರಪ್ಪ ಬೈಲಿಲ್ಲ, ಸುಮ್ನೆ ಗಾಣದ ಎತ್ತಿನ ಬೆನ್ನು ಸವರ್ತಾ, ನಂಗೂ ವಯಸ್ಸಾಯ್ತು ಕಣವ್ವ, ಈ ವರ್ಷವೂ ಲೆಕ್ಕ ಒಲೀದಿದ್ರೆ ಬಂದು ಈ ಎತ್ತು ಹೊಡಿ ಅಂದನಂತೆ. ಬೈದಿದ್ರೇ ಚೆನ್ನಾಗಿತ್ತು ಅನ್ನಿಸ್ತಂತೆ ಅವಳಿಗೆ.

ಆಮೇಲೆ ಅವಳು ಮೇಷ್ಟ್ರ ಹತ್ರ ಹೋಗಿ, ನಮ್ ಪುಸ್ತಕದಲ್ಲಿ ಒಂದೊಂದು ಥರಕ್ಕೆ ಒಂದೊಂದೇ ಲೆಕ್ಕ ಇದೆ, ಅದು ಅರ್ಥ ಆಗೋಷ್ಟರಲ್ಲಿ ಪಾಠವೇ ಮುಗಿದಿರುತ್ತೆ, ಬೇರೆ ಪುಸ್ತಕ ಕೊಡಿ ಸಾರ್ ಅಂದ್ಲಂತೆ. ಮೇಷ್ಟ್ರು ಒಳ್ಳೇವ್ರು, ರುಮಾಲು ತೆಗೆದು ತಲೆ ಕೆರ್ಕೊಂಡು, ನನ್ನ ಹತ್ರ ಇರೋದೂ ಅದೊಂದೇ ಕಣಮ್ಮ, ಉಳಿದ ಪುಸ್ತಕ ಬೇರೆಯವ್ರ ಹತ್ರ ಇವೆ, ಕೇಳ್ಕೊಂಡು ಹುಡ್ಕೊಂಡು ಹೋಗು ಅಂದ್ರಂತೆ.

ಕೇಳ್ತಾ ಕೇಳ್ತಾ ಮೊದಲು ಸಿಕ್ಕಿದ್ದು ಮೂಡಲ ಕೇರಿ ವೆಂಕಮ್ಮಜ್ಜಿ. ಅವಳ ಗಂಡ ಹಿಂದೆ ಅರಮನೆ ಮಕ್ಕಳಿಗೆ ಪಾಠ ಹೇಳಿದ್ದವನಂತೆ, ಅವನ ಪುಸ್ತಕ ಪೆಟ್ಟಿಗೇಲಿತ್ತು. ಅಜ್ಜಿ ಏನಂದ್ಲು ಗೊತ್ತಾ? ಪುಸ್ತಕ ನನ್ನ ಹೊಸ್ತಿಲು ದಾಟಲ್ಲ, ದಿನಾ ಬೆಳಗ್ಗೆ ನಾನು ರಂಗೋಲಿ ಇಡೋ ಹೊತ್ತಿಗೆ ಬಾ, ರಂಗೋಲಿ ಮುಗಿದ ತಕ್ಷಣ ಪುಸ್ತಕ ಮುಚ್ತೀನಿ ಅಂದ್ಲಂತೆ. ಮೊದಲ ದಿನ ಮಲ್ಲಾಜಿ ಒಂದು ಲೆಕ್ಕ ಶುರು ಮಾಡೋದ್ರೊಳಗೆ ರಂಗೋಲಿ ಮುಗಿದೇ ಹೋಯ್ತು. ಅಜ್ಜಿ, ಇನ್ನೊಂಚೂರು ಅಂತ ಗೋಗರೆದ್ರೂ ಉಹೂಂ. ಮಾರನೆ ದಿನ ಅದೇ ಲೆಕ್ಕದ ಗುಂಗಲ್ಲಿ ಮಲಗಿಬಿಟ್ಟು ತಡವಾಗಿ ಹೋದ್ರೆ ಅಂಗಳದಲ್ಲಿ ರಂಗೋಲಿಯ ತಾವರೆ ಅರಳಿತ್ತು, ಅಜ್ಜಿ ಕೈ ತೊಳ್ಕೊಂಡಿದ್ಲು. ಆಮೇಲೆ ಒಂದು ದಿನವೂ ತಪ್ಪಿಸ್ಲಿಲ್ಲವಂತೆ. ಅರ್ಧಕ್ಕೆ ನಿಂತ ಲೆಕ್ಕ ದಾರಿಯುದ್ದಕ್ಕೂ ತಲೇಲಿ ಗುಂಯ್ ಅಂತಿತ್ತಂತೆ, ಬಾವಿಕಟ್ಟೆ ಹತ್ರ ಬರೋ ಹೊತ್ತಿಗೆ ಎಷ್ಟೋ ಸಲ ತಾನಾಗೇ ಬಿಡಿಸ್ಕೊಳ್ತಿತ್ತಂತೆ. ಹಾಗೆ ಚೂರು ಚೂರೇ ತಿಂದು ಪುಸ್ತಕವನ್ನೇ ಮುಗಿಸಿಬಿಟ್ಲು.

ಆಮೇಲೆ ವೆಂಕಮ್ಮಜ್ಜಿಯೇ, ಗುಡ್ಡದ ಬುಡದಲ್ಲಿ ನರಸಿಂಹ ಜೋಯಿಸರು ಇದ್ದಾರೆ, ಇದಕ್ಕಿಂತ ಕಷ್ಟದ ಪುಸ್ತಕ ಅವರಲ್ಲಿದೆ, ಹೋಗು ಅಂದ್ಲಂತೆ. ಜೋಯಿಸರು ಪುಸ್ತಕ ಕೊಟ್ರು, ಹಿಂದೆ ಉತ್ತರದ ಹಾಳೆಗಳೇ ಇರ್ಲಿಲ್ಲ, ಗೆದ್ದಲು ತಿಂದಿತ್ತು. ಉತ್ತರಕ್ಕೆ ನಮ್ ಗಿಳಿ ಇದೆ ಅಂದ್ರಂತೆ. ಮಲ್ಲಾಜಿ ಮರಳ ಮೇಲೆ ಒಂದು ಲೆಕ್ಕ ಮಾಡಿದ್ಲು, ಗಿಳಿ ತಪ್ಪು! ಅಂತು. ಅಳಿಸಿ ಬೇರೆ ಥರ ಮಾಡಿದ್ಲು, ತಪ್ಪು! ಅಂತು. ಸಂಜೆವರೆಗೂ ಮಾಡೋದು ಅಳಿಸೋದು, ಮಾಡೋದು ಅಳಿಸೋದು, ಕೊನೆಗೆ ಅಳು ಬಂದುಬಿಡ್ತಂತೆ. ಜೋಯಿಸರು ಬಂದು ನೋಡಿ, ಮೊದಲು ಮಾಡಿದ್ದೇ ಸರಿಯಿತ್ತಲ್ಲ, ಯಾಕೆ ಅಳಿಸಿದೆ ಅಂದ್ರಂತೆ. ಗಿಳಿ ತಪ್ಪು ಅಂತು, ಅದಕ್ಕೆ ಅಂದ್ಲು. ಅಯ್ಯೋ ಮಗು, ನಾನು ತಮಾಷೆಗೆ ಅಂದಿದ್ದು, ಅದಕ್ಕೆ ಬರೋದೇ ಆ ಒಂದು ಮಾತು, ನಾನು ಸಂಧ್ಯಾವಂದನೆ ಮಾಡಿದ್ರೂ ತಪ್ಪು ಅನ್ನುತ್ತೆ, ಸರಿಯೋ ತಪ್ಪೋ ನೀನೇ ನೋಡ್ಕೋಬೇಕು, ಬಂದ ಉತ್ತರವನ್ನ ತಿರುಗಿ ಲೆಕ್ಕದೊಳಗೆ ಹಾಕು, ಕೂತ್ಕೊಳ್ಳುತ್ತಾ ನೋಡು ಅಂದ್ರಂತೆ. ಹೂಂ ಅನ್ನೇ, ನಿದ್ದೆ ಬಂತಾ?

ಆಮೇಲೆ ಮಲ್ಲಾಜಿ ಹಾಗೇ ಮಾಡಿದ್ಲು. ಕೂರದಿದ್ರೆ ಅಳಿಸ್ತಿರ್ಲಿಲ್ಲ, ಒಂದೊಂದೇ ಸಾಲು ಹಿಂದಕ್ಕೆ ನಡ್ಕೊಂಡು ಹೋಗಿ ಎಲ್ಲಿ ಎಡವಿದೆ ಅಂತ ಹುಡುಕ್ತಿದ್ಲು. ಒಂದು ದಿನ ಗಿಳಿ ತಪ್ಪು! ಅಂದ್ರೆ ಇವಳು ತಲೆ ಎತ್ತದೇನೇ, ಸರಿಯಾಗಿದೆ ಹೋಗೋ, ಪೇರಲೆಹಣ್ಣು ತಿನ್ನು ಅಂದ್ಲಂತೆ. ಜೋಯಿಸರು ಒಳಗಿಂದ ನಕ್ಕು, ಇಲ್ಲಿ ನಿನ್ನ ಕೆಲಸ ಮುಗೀತು ಕಣಮ್ಮ, ಇನ್ನು ಉಳಿದಿರೋದು ಗುಡುಗಾಸುರನ ಗವಿ ಅಂದ್ರಂತೆ.

ಗುಡುಗಾಸುರ ಅಂದ್ರೆ ರಾಕ್ಷಸ. ರಾಜ್ಯದಲ್ಲಿ ಕೈಗೆ ಸಿಕ್ಕಿದ ಲೆಕ್ಕದ ಪುಸ್ತಕಾನೆಲ್ಲ ಹೊತ್ಕೊಂಡು ಹೋಗಿ ಗವೀಲಿ ಪೇರಿಸಿಟ್ಟಿದ್ದವನೇ ಅವನು. ಮಲ್ಲಾಜಿ ಅವ್ವನ ಕೈಲಿ ಹೋಳಿಗೆ ಮಾಡಿಸ್ಕೊಂಡು ಹೋದ್ಲಂತೆ. ರಾಕ್ಷಸ, ಯಾರದು, ತಿಂದುಬಿಡ್ತೀನಿ ಅಂತ ಗುಡುಗಿದ. ಇವಳು, ನನ್ನ ತಿಂದ್ರೆ ಹೋಳಿಗೆ ಯಾರು ಕೊಡ್ತಾರಪ್ಪಾ, ಇದರಲ್ಲಿ ನಾಲ್ಕನೇ ಒಂದು ಭಾಗ ಬೇಕೋ ಎಂಟನೇ ಒಂದು ಭಾಗ ಬೇಕೋ ಅಂದ್ಲಂತೆ. ಎಂಟು ದೊಡ್ಡದಲ್ವಾ, ಅದೇ ಕೊಡು ಅಂದನಂತೆ ಅವನು. ಕೊಟ್ಲು. ಬೆರಳ ತುದೀಲಿ ಅಷ್ಟೇ ಅಷ್ಟು ಚೂರು ನೋಡಿ ರಾಕ್ಷಸನ ಮುಖ ಸಣ್ಣದಾಯ್ತು. ನಂಗೆ ಯಾವಾಗ್ಲೂ ಹೀಗೇ ಆಗುತ್ತೆ, ಚಿಕ್ಕೋನಿದ್ದಾಗ ಲೆಕ್ಕ ಬರಲ್ಲ ಅಂತ ಎಲ್ರೂ ನಕ್ಕುಬಿಟ್ರು, ನಂಗೆ ಬಾರದ್ದು ಯಾರಿಗೂ ಬರಬಾರ್ದು ಅಂತ ಪುಸ್ತಕ ಎಲ್ಲ ತಂದಿಟ್ಕೊಂಡೆ, ಒಂದನ್ನೂ ಬಿಚ್ಚಿಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತನಂತೆ.

ಮಲ್ಲಾಜಿಗೆ ಪಾಪ ಅನ್ನಿಸ್ತು. ನಾನು ಹೇಳ್ಕೊಡ್ತೀನಿ, ನೀನು ನಂಗೆ ಪುಸ್ತಕ ಓದೋಕೆ ಬಿಡು ಅಂದ್ಲು. ಒಪ್ಪಿದ. ಆದ್ರೆ ಆ ರಾಕ್ಷಸನಿಗೆ ಯಾಕೆ ಅನ್ನೋದೊಂದು ಚಟ. ಅರ್ಧವನ್ನ ಕಾಲಿನಿಂದ ಭಾಗಿಸಿದ್ರೆ ಎರಡು ಅಂದ್ರೆ, ಭಾಗಿಸಿದ್ರೆ ಕಮ್ಮಿ ಆಗ್ಬೇಕು, ಜಾಸ್ತಿ ಯಾಕಾಯ್ತು ಅಂದ. ತಲೆಕೆಳಗು ಮಾಡಿ ಗುಣಿಸ್ಬೇಕು ಅಂದ್ಲು. ಯಾಕೆ ತಲೆಕೆಳಗು ಮಾಡ್ಬೇಕು ಅಂದ. ಮಲ್ಲಾಜಿ ಇಷ್ಟು ದಿನ ಮಾಡ್ತಿದ್ಲೇ ಹೊರತು ಯಾಕೆ ಅಂತ ಅವಳಿಗೂ ಗೊತ್ತಿರ್ಲಿಲ್ಲ. ನಾಳೆ ಹೇಳ್ತೀನಿ ಅಂತ ಮನೆಗೆ ಬಂದು, ಅವ್ವನ ಒಲೆ ಮುಂದೆ ಅರ್ಧ ಹೋಳಿಗೆ ಇಟ್ಕೊಂಡು ಕೂತಳಂತೆ. ಇದರೊಳಗೆ ಕಾಲು ಕಾಲು ಹೋಳಿಗೆ ಎಷ್ಟಿವೆ? ಇಡೀ ಹೋಳಿಗೇಲಿ ನಾಲ್ಕು, ಅರ್ಧದಲ್ಲಿ ಅದರರ್ಧ, ಎರಡು! ಭಾಗಿಸೋದು ಅಂದ್ರೆ ಎಷ್ಟು ಸಲ ಹಿಡಿಸುತ್ತೆ ಅಂತ ಕೇಳೋದು ಅಷ್ಟೇ ಕಣವ್ವ ಅಂತ ಕುಣಿದಾಡಿಬಿಟ್ಲಂತೆ. ಅವ್ವ, ಕುಣಿದದ್ದು ಸಾಕು, ಹೋಳಿಗೆ ತಿನ್ನು ಅಂದ್ಲು.

ಹೀಗೆ ರಾಕ್ಷಸ ಯಾಕೆ ಅಂತ ಕೇಳೋದು, ಇವಳು ತಡಕಾಡೋದು, ಇಬ್ರೂ ಸೇರಿ ಹತ್ತು ಪುಸ್ತಕ ತಿರುವಿ ಹಾಕೋದು. ಮಳೆಗಾಲ ಕಳೆದು ಪರೀಕ್ಷೆ ಬಂತು. ರಾಕ್ಷಸನೂ ಕೂರ್ತೀನಿ ಅಂದ, ಬೆಂಚು ಹಿಡಿಸದೆ ಹೊರಗೆ ಹುಣಸೆಮರದ ಕೆಳಗೆ ಕೂರಿಸಿದ್ರಂತೆ. ಕೊನೇ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲದ್ದು. ಮಲ್ಲಾಜಿ ಮಾಡಿ ಉತ್ತರ ಹಾಕಿ ನೋಡಿದ್ಲು, ಕೂರ್ಲಿಲ್ಲ. ಪಕ್ಕದವ್ರೆಲ್ಲ ಎದ್ದು ಹೋಗ್ತಿದ್ರು. ಇವಳು ಸಾಲು ಸಾಲಾಗಿ ಹಿಂದಕ್ಕೆ ಬಂದು ಬಂದು, ಕೂಡೋ ಕಡೆ ಕಳೆದಿದ್ದೀನಲ್ಲ ಅಂತ ಹಿಡಿದೇಬಿಟ್ಲಂತೆ. ತಿದ್ದಿ ಮುಗಿಸೋದಕ್ಕೂ ಕಹಳೆ ಊದೋದಕ್ಕೂ ಸರಿಹೋಯ್ತು.

ಫಲಿತಾಂಶದ ದಿನ ಮೇಷ್ಟ್ರು ಗಂಟಲು ಸರಿ ಮಾಡ್ಕೊಂಡು ಓದಿದ್ರಂತೆ, ಲೆಕ್ಕದಲ್ಲಿ ಮೊದಲು, ಗಾಣದ ತಿಪ್ಪಯ್ಯನ ಮಗಳು ಮಲ್ಲಾಜಿ. ತಿಪ್ಪಯ್ಯ ಹೆಗಲ ಮೇಲಿನ ವಸ್ತ್ರ ಕಣ್ಣಿಗೊತ್ಕೊಂಡು, ಎತ್ತು ಹೊಡೆಯೋಕೆ ಬೇರೆ ಯಾರಾದ್ರೂ ಸಿಕ್ತಾರೆ ಬಿಡು ಅಂದನಂತೆ. ಆಮೇಲೆ ಮೇಷ್ಟ್ರು ಕಟ್ಟಕಡೇ ಹೆಸರು ಓದಿದ್ರು, ಗುಡುಗಾಸುರ, ಪಾಸು! ರಾಕ್ಷಸ ಹೋ ಅಂತ ಒಂದು ನೆಗೆತ ನೆಗೆದ ರಭಸಕ್ಕೆ ಶಾಲೆ ಹೆಂಚೆಲ್ಲ ಹಾರಿಹೋಯ್ತಂತೆ. ಅವನೇ ನಾಚ್ಕೊಂಡು ಒಂದೊಂದಾಗಿ ಹೊದಿಸಿಕೊಟ್ಟು, ಗವಿಯ ಬಾಗಿಲು ತೆಗೆದು, ಯಾರು ಬೇಕಾದ್ರೂ ಬಂದು ಓದ್ಕೊಳ್ಳಿ, ಅರ್ಥ ಆಗದಿದ್ರೆ ನನ್ನ ಕೇಳಿ, ನಾನು ನಗಲ್ಲ ಅಂದನಂತೆ. ಮಲ್ಲಾಜಿ ಬುತ್ತಿ ಕಟ್ಕೊಂಡು ಸೇತುವೆ ವಿದ್ಯೆಗೆ ಹೊರಟ್ಲು. ಅವರೆಲ್ಲ ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಬೆಚ್ಚಗಿದ್ದೀವಿ. ಕತೆಯೂ ಮುಗೀತು, ನನ್ನ ಪುಟ್ಟಿಯ ಹೂಂಗುಟ್ಟೋದೂ ನಿಂತುಹೋಯ್ತು.