ಕರಡಿಯ ಬೆನ್ನಿಗೆ ಉದ್ದ ಕೂದಲು ಬಂದದ್ದು

ಭೂಮಿ ಇನ್ನೂ ಹೊಸತು. ಬೆಟ್ಟದ ಬಂಡೆಗಳಿಗೆ ಪಾಚಿ ಕೂಡ ಹತ್ತಿರಲಿಲ್ಲ. ಆಗ ಕರಡಿಯ ಮೈ ಎಮ್ಮೆಯ ಮೈಯ ಹಾಗೆ ನುಣ್ಣಗಿತ್ತು. ಕೂದಲು ಅಂದರೆ ಅಲ್ಲೊಂದು, ಇಲ್ಲೊಂದು.

ಆ ಬೆಟ್ಟದ ಗವಿಯಲ್ಲಿ ತಾಯಿ ಕರಡಿಯೊಬ್ಬಳಿದ್ದಳು. ಅವಳಿಗೆ ಅವಳಿ ಮರಿಗಳು. ಎಲ್ಲಿಗೆ ಹೋಗಬೇಕಾದರೂ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಇಟ್ಟು, ತಿರುಗಿ ಬಂದು ಇನ್ನೊಂದನ್ನು ಒಯ್ಯುತ್ತಿದ್ದಳು. ಹೋಗುವುದು, ಬರುವುದು. ಹೋಗುವುದು, ಬರುವುದು.

ಒಂದು ಬೇಸಿಗೆಯ ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತಾ ಬಂತು.

“ಕರಡೆವ್ವಾ, ಕೆಳಗ ಹುಲ್ಲಿಗೆ ಬೆಂಕಿ ಬಿದ್ದೈತಿ! ಹೊಳಿ ಕಡೆ ಓಡು!”

“ನೀ ಒಂದೀಟು ನಿಲ್ಲಪ್ಪ. ನೀ ಬಂದಲ್ಲಿಗೆ ಬೆಂಕಿನೂ ಬರತೈತಿ.”

“ನಿಲ್ಲೂದು ನನಗ ಬರೂದಿಲ್ಲವ್ವ,” ಎಂದು ಗಾಳಿ ಅಳುತ್ತಲೇ ಮುಂದೆ ಹೋಯಿತು.

ತಾಯಿ ಕರಡಿ ದೊಡ್ಡ ಮರಿಯನ್ನು ಕಚ್ಚಿಕೊಂಡು ಹೊರಟಳು. ಹಿಂದಿನಿಂದ ಚಿಕ್ಕದು, “ಅವ್ವಾ!” ಎಂದಿತು. ತಿರುಗಿ ಬಂದಳು. ಚಿಕ್ಕದನ್ನು ಎತ್ತಿಕೊಂಡಳು. ಈಗ ದೊಡ್ಡದು, “ಅವ್ವಾ!” ಎಂದಿತು. ಅವಳ ಕಾಲೇ ಏಳಲಿಲ್ಲ. ಹೊಗೆ ಗವಿಯ ಬಾಯಿಗೆ ಬಂತು.

ಅಷ್ಟರಲ್ಲಿ ಕೆಳಗಿನ ಊರಿನ ಹೆಂಗಸು ಸುಂಕವ್ವ ಓಡಿ ಬಂದಳು. ಕಾಡಿನ ಗಡ್ಡೆ ಅಗೆಯಲು ಬೆಟ್ಟ ಹತ್ತಿದ್ದವಳು. ಅವಳ ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ತುಂಬಿದ ಬುಟ್ಟಿ. ಬೆನ್ನಿಗೆ ಹಳೇ ಸೀರೆಯಲ್ಲಿ ಕಟ್ಟಿಕೊಂಡ ಕೂಸು.

“ಓಡೂದು ಬಿಟ್ಟು ಯಾಕ ನಿಂತಿ, ಕರಡೆವ್ವ?”

“ಯಾರನ್ನ ಬಿಟ್ಟು ಓಡಲಿ, ಸುಂಕವ್ವ? ಬಾಯಿ ಒಂದ ಐತಿ, ಮಕ್ಕಳು ಎರಡದಾವ.”

ಸುಂಕವ್ವ ಒಮ್ಮೆ ಬೆಂಕಿಯ ಕಡೆ ನೋಡಿದಳು. ಬುಟ್ಟಿಯನ್ನು ಕೆಳಗೆ ಹಾಕಿಬಿಟ್ಟಳು. ಬೆಳಗಿನಿಂದ ಅಗೆದ ಗಡ್ಡೆಗಳೆಲ್ಲ ಇಳಿಜಾರಿನಲ್ಲಿ ಉರುಳಿಹೋದವು.

“ಬೆನ್ನು ಕೊಡು,” ಎಂದಳು.

“ಬೆನ್ನಿನ ಮ್ಯಾಲೆ ಮಕ್ಕಳನ್ನ ಒಯ್ತಾರೇನು?”

“ಮತ್ತ ನನ್ನ ಕೂಸು ಎಲ್ಲೈತಿ, ನೋಡು.”

ತಾಯಿ ಕರಡಿ ನೋಡಿದಳು. ಅಷ್ಟು ಗದ್ದಲದಲ್ಲೂ ಆ ಕೂಸು ತಾಯಿಯ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಮಾಡುತ್ತಿತ್ತು. ಅವಳು ಮೆಲ್ಲಗೆ ಮೊಣಕಾಲೂರಿದಳು.

ಸುಂಕವ್ವ ಸಿಂಬಿ ಬಿಚ್ಚಿ ಉದ್ದ ಮಾಡಿದಳು. ಮರಿಗಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಬಟ್ಟೆಯನ್ನು ಹೊಟ್ಟೆಯ ಸುತ್ತ ತಂದು ಗಂಟು ಬಿಗಿದಳು.

“ಭಾರ ಅನಿಸಿದರ ಚಿಂತಿ ಇಲ್ಲ, ಓಡು. ಹಗುರ ಅನಿಸಿದರ ನಿಂತು ನೋಡು.”

ಇಬ್ಬರು ತಾಯಂದಿರೂ ಓಡಿದರು. ಬೆಂಕಿ ಇಲ್ಲದ ಮಗ್ಗುಲಲ್ಲಿ ಬಂಡೆ ಇಳಿದರು, ಮುಳ್ಳುಪೊದೆ ದಾಟಿದರು. ಬೆನ್ನು ಭಾರವಾಗಿಯೇ ಇತ್ತು. ತಾಯಿ ಕರಡಿಗೆ ಭಾರವೆಂದರೆ ಇಷ್ಟು ಹಿತವೆಂದು ಗೊತ್ತೇ ಇರಲಿಲ್ಲ.

ಹೊಳೆ ಕಾಣಿಸಿತು. ಆಗಲೇ ನುಣ್ಣನೆಯ ಬೆನ್ನಿನ ಮೇಲೆ ಬಟ್ಟೆ ಜಾರಿತು. ಗಂಟು ಬಿಚ್ಚಿತು. ಒಂದು ಪಕ್ಕ ಹಗುರವಾಯಿತು!

ತಾಯಿ ಕರಡಿಯ ಎದೆ ಧಸಕ್ಕೆಂದಿತು. ಮೈ ಜುಮ್ಮೆಂದಿತು. ಚರ್ಮದೊಳಗೆ ಅಡಗಿದ್ದ ಕೂದಲೆಲ್ಲ ಸರಸರನೆ ಹೊರಗೆ ಬಂದು ನಿಮಿರಿ ನಿಂತಿತು. ಜಾರುತ್ತಿದ್ದ ಚಿಕ್ಕ ಮರಿ ಒಂದು ಹಿಡಿ ಕೂದಲನ್ನು ಗಬಕ್ಕನೆ ಹಿಡಿಯಿತು. ದೊಡ್ಡದೂ ಹಿಡಿಯಿತು. ಬೆನ್ನು ಮತ್ತೆ ಭಾರವಾಯಿತು.

“ಬರ್ರಿ, ಬರ್ರಿ, ನೀರು ಮೊಣಕಾಲುದ್ದ ಐತಿ,” ಎಂದು ಹೊಳೆ ಕರೆಯಿತು. ಎಲ್ಲರೂ ದಾಟಿದರು. ಬೆಂಕಿ ಆಚೆ ದಡದಲ್ಲಿ ಕೂತು ಬುಸುಗುಟ್ಟಿ, ತಣ್ಣಗಾಯಿತು.

ಸುಂಕವ್ವ ತಿರುಗಿ ನೋಡಿದರೆ ಬಟ್ಟೆ ಎಲ್ಲೋ ಬಿದ್ದುಹೋಗಿದೆ, ಮರಿಗಳು ಮಾತ್ರ ಕೂದಲೊಳಗೆ ಮುಖ ಹುದುಗಿಸಿ ಕೂತಿವೆ. ಅವಳಿಗೆ ನಗು ಬಂತು.

“ನಿನಗ ಇನ್ನ ಬಟ್ಟಿ ಬ್ಯಾಡ ಬಿಡವ್ವ!”

ತಾಯಿ ಕರಡಿ ಸುಮ್ಮನಿರಲಿಲ್ಲ. ತನ್ನ ದೊಡ್ಡ ಉಗುರುಗಳಿಂದ ಹೊಳೆಯ ದಂಡೆಯ ಮಣ್ಣು ಕೆದರಿ, ಸುಂಕವ್ವನ ಮಡಿಲು ತುಂಬುವಷ್ಟು ಗಡ್ಡೆ ತೆಗೆದುಕೊಟ್ಟಳು. ಮರಿಗಳು ಬೆನ್ನ ಮೇಲಿಂದಲೇ ಅದನ್ನೆಲ್ಲ ನೋಡಿದವು. ಇಳಿಯಲು ಅವಕ್ಕೆ ಮನಸ್ಸೇ ಇರಲಿಲ್ಲ.

ಅಂದು ನಿಮಿರಿದ ಕೂದಲು ಮತ್ತೆ ಒಳಗೆ ಹೋಗಲಿಲ್ಲ. ಅದಕ್ಕೇ ಮಗೂ, ಇವತ್ತಿಗೂ ಕರಡಿಯ ಬೆನ್ನಿನ ಮೇಲೆ ಜೊಂಪೆ ಜೊಂಪೆ ಕೂದಲಿರುತ್ತದೆ, ಅದನ್ನು ಬಿಗಿಯಾಗಿ ಹಿಡಿದುಕೊಂಡು ಮರಿಗಳು ಸವಾರಿ ಹೋಗುತ್ತಿರುತ್ತವೆ.