ಮಗ್ಗದ ಕೆಳಗಿನ ಕೊಳವೆ

"ಗುರುಗಳೇ, ನಮ್ಮ ಮಠದ ಉಗ್ರಾಣದ ಗುರುಬಸಯ್ಯ ಹೋದ ವರ್ಷ ಪಂಕ್ತಿಯ ನಡುವೆ ನನ್ನನ್ನು ಬೆಲ್ಲಗಳ್ಳ ಎಂದ. ಈಗ ಚೆನ್ನಾಗಿಯೇ ಇದ್ದಾನೆ, ನನಗೇ ಮೊದಲು ಬಡಿಸುತ್ತಾನೆ. ಆದರೂ ಆ ಮಾತು ಒಳಗೆ ಸೋರುತ್ತಲೇ ಇದೆ. ಎಲ್ಲರೆದುರು ಅದನ್ನು ಅಗೆದು ತೆಗೆಯದೆ ಮನಸ್ಸು ರಿಪೇರಿಯಾದೀತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಬೋಳುತಲೆ ಸವರಿಕೊಂಡರು. "ಈ ತಲೆಯ ಕೂದಲಾಣೆ, ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥದ್ದನ್ನು ಹೇಳಲು ಈ ಸೀಮೆಯಲ್ಲಿ ನನ್ನ ಬಿಟ್ಟರೆ ಗತಿಯಿಲ್ಲ, ಕೇಳು" ಎಂದು ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನದು ಕುಣಿಮಗ್ಗ; ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಪಕ್ಕದ ಮನೆ ನೂಲಿಗೆ ಬಣ್ಣ ಹಾಕುವ ಒಬ್ಬ ಬಣ್ಣಗಾರನದು. ಬಣ್ಣದ ನೀರು ಹೋಗುವ ಕೊಳವೆ ನೇಕಾರನ ಮಗ್ಗದ ಕೆಳಗೇ ಹಾದುಹೋಗಿತ್ತು. ಮಗಳ ಧಾರೆಸೀರೆಯನ್ನು ನೇಕಾರ ಅರ್ಧ ನೇಯ್ದಿದ್ದಾಗ ಕೊಳವೆ ಬಿರುಕುಬಿಟ್ಟಿತು. ಕುಣಿಗೆ ನೀಲಿ ನೀರು ಜಿನುಗಿತು. ಅವನ ಕಾಲುಗಳು ಮೊಣಕಾಲತನಕ ಎಂಥ ನೀಲಿಯಾದವೆಂದರೆ, ಸಂತೆಯಲ್ಲಿ ಮುದುಕಿಯರು ಕೃಷ್ಣ ಬಂದನೆಂದು ಅವಕ್ಕೆ ಬೆಣ್ಣೆ ಹಚ್ಚಿದರು.

ನೀರು ಏರಿದರೆ ಸೀರೆ ಹಾಳು. ಅಗೆದರೆ ಮಗ್ಗ ಕೀಳಬೇಕು, ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸುನೂಲು ಕತ್ತರಿಸಬೇಕು. ಕತ್ತರಿಸಿ ಗಂಟು ಹಾಕಿದ ಹಾಸಿನ ಸೀರೆಯನ್ನು ಆ ನೇಕಾರರು ಧಾರೆಗೆ ಉಡಿಸುವುದಿಲ್ಲ. ಇದೆಲ್ಲ ಗೊತ್ತಿದ್ದೂ ಅವನು ಸಿಟ್ಟಿನಲ್ಲಿ ಹಾರೆ ಹಿಡಿದು ಬಣ್ಣಗಾರನ ಬಾಗಿಲಿಗೆ ಹೋದ.

"ನನ್ನ ಕಾಲು ನೋಡು ಮಾರಾಯ. ಎಲ್ಲಿ ಒಡೆದಿದೆ, ಯಾರಿಂದ ಒಡೀತು, ಅಗೆದು ಊರಿಗೆಲ್ಲ ತೋರಿಸ್ತೀನಿ."

"ತೋರಿಸುವಂತೆ ಮಾವ, ನಾನೇ ಬುಟ್ಟಿ ಹೊರ್ತೀನಿ," ಎಂದ ಬಣ್ಣಗಾರ. "ಹಾಸು ಕತ್ತರಿಸಿದ ಮೇಲೆ ಮಗಳಿಗೆ ಏನು ಉಡಿಸ್ತೀ?"

ಹಾರೆ ಕೆಳಗಿಳಿಯಿತು.

ಬಣ್ಣಗಾರ ಅವತ್ತೇ ಕೆಲಸ ನಿಲ್ಲಿಸಿ ಕೊಳವೆ ರಿಪೇರಿಯವನನ್ನು ಕರೆತಂದ. ನೇಕಾರ ದಪ್ಪ ಬಟ್ಟೆ ಕೊಟ್ಟ. ಬಣ್ಣಗಾರನ ಹೆಂಡತಿ ಅದನ್ನು ಉದ್ದನೆಯ ಚೀಲವಾಗಿ ಹೊಲಿದಳು. ರಿಪೇರಿಯವನು ಚೀಲವನ್ನು ಅಂಟಿನಲ್ಲಿ ನೆನೆಸಿ, ಅದರ ಬಾಯನ್ನು ಕೊಳವೆಯ ಬಾಯಿಗೆ ಕಟ್ಟಿ, ಮೇಲಿನಿಂದ ನೀರು ಸುರಿದ. ಅಂಗಿಯ ತೋಳು ಒಳಹೊರಗಾಗುವ ಹಾಗೆ ಚೀಲ ಮಗುಚಿಕೊಳ್ಳುತ್ತ ಮಗ್ಗದ ಅಡಿಯಲ್ಲಿ ಹಾದು ಆಚೆಗೆ ಮೂತಿ ತೋರಿಸಿತು. ಆಮೇಲೆ ಬಣ್ಣದ ಹಂಡೆಗಳಲ್ಲಿ ಕಾಯಿಸಿದ ನೀರನ್ನು ಚೀಲಕ್ಕೆ ತುಂಬಿದರು. ಕಾವಿಗೆ ಅಂಟು ಗಟ್ಟಿಯಾದ ಮೇಲೆ ಆಚೆಯ ಮೂತಿ ಕತ್ತರಿಸಿದರು; ಹಳೆಯ ಕೊಳವೆಯೊಳಗೆ ಹೊಸದೊಂದು ಕೊಳವೆ ಕೂತಿತು. ಬಿರುಕು ಮುಚ್ಚಿಹೋಯಿತು. ಕುಣಿ ಒಣಗಿತು. ಮೇಲೆ ಸೀರೆಯ ಒಂದೆಳೆಯೂ ಅಲುಗಲಿಲ್ಲ.

ಧಾರೆಯ ದಿನ ಮಗಳು ಆ ಸೀರೆಯುಟ್ಟು ಬಂದಳು. ನೇಕಾರ ನೆಂಟರನ್ನೆಲ್ಲ ದಾಟಿ ಹೋಗಿ ಮೊದಲ ವೀಳ್ಯವನ್ನು ಬಣ್ಣಗಾರನ ಕೈಗಿಟ್ಟ.

"ಕೊಳವೆ ನಂದು, ಸೋರಿದ್ದೂ ನಂದು. ನನಗ್ಯಾಕೆ ಮಾವ?"

"ನಾನು ಹಾರೆ ಹಿಡಿದು ಬಂದಾಗ ನೀನು ನನ್ನ ಮಗಳನ್ನು ನೆನೆದೆಯಲ್ಲ, ಅದಕ್ಕೆ," ಎಂದ ನೇಕಾರ. ಅವನ ಕಣ್ಣು ತುಂಬಿತ್ತು. ಕಾಲು ಇನ್ನೂ ನೀಲಿಯಾಗಿಯೇ ಇತ್ತು.

ಶಿಷ್ಯ ನಕ್ಕ. "ಗುರುಗಳೇ, ಕಾಲಿಗೆ ಬೆಣ್ಣೆ ಹಚ್ಚಿದ್ದು ಸುಳ್ಳು ತಾನೇ?"

"ಅದು ಅಪ್ಪಟ ನಿಜ, ಬಿರುಕು ಮುಚ್ಚಿಹೋಯಿತು ಅಂದೆನಲ್ಲ, ಅದೊಂದೇ ನಾನು ಕಟ್ಟಿ ಹೇಳಿದ್ದು: ಬಿರುಕು ಈಗಲೂ ಅಲ್ಲೇ ಇದೆ, ನೀರು ಅದನ್ನು ಮುಟ್ಟದೆ ಹೋಗುತ್ತದೆ."